ಮೂಟೆಯಲ್ಲಿ ಬಂದ ಅವ್ವ

ಕತ್ತರಿಯನ್ನು ಮೊದಲು ಕುತ್ತಿಗೆಗೆ ಹಾಕಬೇಕು. ಹಾಗೆಂದು ಕಲಿಸಿಕೊಟ್ಟವಳು ಇವೊನ್ನೆ, ಸಾಲ ಕೊಡುವ ಸಂಸ್ಥೆಯ ಮೇಡಂ. ಕುತ್ತಿಗೆಯ ಸುತ್ತಿನ ಬಟ್ಟೆ ಬೆವರು ಕುಡಿದು ಹಣ್ಣಾಗಿರುತ್ತದೆ, ಅದು ವೇಸ್ಟು. ಕಂಕುಳಿನದೂ ವೇಸ್ಟು. ಎದೆಯ ಭಾಗಕ್ಕೆ ಒಂದು ಚೀಲ, ಬೆನ್ನಿನ ಭಾಗಕ್ಕೆ ಒಂದು ಚೀಲ. ಒಂದು ವಿಪೀಲಿಗೆ ಎರಡು ಚೀಲ ಬರಲೇಬೇಕು.

ವಿಪೀಲ್ ಅಂದರೆ ಹೆಂಗಸರು ತಾವೇ ನೇಯ್ದು ತೊಡುವ ಕುಪ್ಪಸ. ವಿಕಮ್‌ಚೆ ಊರಿನಲ್ಲಿ ಹೆಣ್ಣಾಗಿ ಹುಟ್ಟಿದವಳು ಅದನ್ನು ತೊಟ್ಟೇ ಮಣ್ಣಿಗೆ ಹೋಗುತ್ತಾಳೆ. ಅಂಥದ್ದನ್ನು ಹಸಿಂತಾ ದಿನಕ್ಕೆ ಎಂಟು ಕತ್ತರಿಸುತ್ತಿದ್ದಳು. ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಕೂತು ಕೂತು ಚರ್ಮ ಒಡೆದಿತ್ತು. ಕೆಂಪು ನೂಲಿನ ಧೂಳು ಮೂಗಿಗೆ ಹೋಗಿ ಸೀನಿದರೂ ಕೆಂಪೇ ಬರುತ್ತಿತ್ತು.

ಶಾಲೆಯ ಹಿಂದಿನ ತಗಡಿನ ಶೆಡ್ಡು. ಆರು ಹೆಂಗಸರು, ಆರು ಹೊಲಿಗೆ ಮೆಷಿನ್ನು. ಆರೂ ಜನ ನೇಯುವವರೇ. ಮಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಮಂಡಿಯೂರಿ ಕೂತು, ಮೂರು ತಿಂಗಳಿಗೆ ಒಂದು ವಿಪೀಲ್ ಎಬ್ಬಿಸುವವರು. ಸಾಲ ಕೇಳುವಾಗ ನೂಲು ಕೊಳ್ಳಲಿಕ್ಕೆ ಎಂದು ಕೇಳಿದ್ದರು. ಇವೊನ್ನೆ ನಕ್ಕಿದ್ದಳು.

"ಮೂರು ತಿಂಗಳು ಕೂತು ಒಂದು ನೇಯೋದಾ, ನನ್ನ ರಾಣಿಯರೇ? ಹೊಸದು ಯಾರಿಗೂ ಬೇಡ. ಹಳೇದು ಬೇಕು. ಹಳೇ ಬಟ್ಟೆಗೆ ಆತ್ಮ ಇರುತ್ತೆ ಅಂತಾರೆ ನಮ್ಮ ಗಿರಾಕಿಗಳು."

ನೂಲು ಕೇಳಿದವರಿಗೆ ಸಂಸ್ಥೆ ಕತ್ತರಿ ಕೊಟ್ಟಿತು. ಸಾಲದ ಹಣವನ್ನು ಅವರು ಕಣ್ಣಿನಿಂದಲೂ ನೋಡಲಿಲ್ಲ. ಅದು ನೇರವಾಗಿ ಚೌಕದ ಮೂಲೆಯ ಅಂಗಡಿಯ ಎವರಿಸ್ತೊನ ಕೈಗೆ ಹೋಯಿತು. ಅವನು ಹಳ್ಳಿ ಹಳ್ಳಿ ತಿರುಗಿ, ಹೊಟ್ಟೆಗಿಲ್ಲದವರ ಮನೆಯಿಂದ ಹಳೇ ವಿಪೀಲ್ ಎತ್ತಿ ಮೂಟೆ ಕಟ್ಟಿ ಕಳಿಸುತ್ತಿದ್ದ. ಮೂಟೆ ಇವರ ಹೆಸರಿಗೆ, ಕಂತು ಇವರ ತಲೆಗೆ. ಒಬ್ಬಳು ತಪ್ಪಿಸಿದರೆ ಉಳಿದ ಐವರು ತುಂಬಬೇಕು. ಆರು ಹೆಬ್ಬೆಟ್ಟು, ಒಂದು ಕಾಗದ.

"ರಾಣಿಯರಂತೆ," ಎನ್ನುತ್ತಿದ್ದಳು ಗುಂಪಿನ ಮುಖಂಡಳಾದ ಫೆಲಿಪಾ. "ಯಾವ ರಾಣಿ ಕಣ್ರೇ ಊರೋರ ಕುಪ್ಪಸ ಬಿಚ್ಚಿ ಹೊಟ್ಟೆ ಹೊರೀತಾಳೆ?" ಎಲ್ಲರೂ ನಗುತ್ತಿದ್ದರು. ನಕ್ಕು ಕತ್ತರಿಸುತ್ತಿದ್ದರು.

ಆ ಸೋಮವಾರ ಬೆಳಗಿನ ಮಂಜು ಇನ್ನೂ ಬಾಗಿಲಲ್ಲೇ ನಿಂತಿತ್ತು. ಹಸಿಂತಾ ಹೊಸ ಮೂಟೆ ಬಿಚ್ಚಿದಳು. ಮಾಮೂಲಿ ಮೂಟೆಗಳು ಒಲೆಯ ಹೊಗೆ, ಬೆವರು, ಎದೆಹಾಲು ನಾರುತ್ತವೆ. ಇದರಿಂದ ನುಸಿಗುಳಿಗೆಯ ವಾಸನೆ ಎದ್ದಿತು. ಪೆಟ್ಟಿಗೆಯಲ್ಲಿಟ್ಟ ಬಟ್ಟೆ. ಅವಳಿಗೆ ಅದು ಹೊಸದೇನಲ್ಲ, ಎರಡು ವಾರದ ಹಿಂದೆ ಬಂದ ಮೂಟೆಯಲ್ಲೂ ಅದೇ ವಾಸನೆಯ ಐದಾರು ಇದ್ದವು. ಅವನ್ನೆಲ್ಲ ಕತ್ತರಿಸಿ ಮುಗಿಸಿದ್ದಳು.

ಮೇಲಿನದನ್ನು ಎಳೆದು ಹಲಗೆಯ ಮೇಲೆ ಹರವಿ ಕುತ್ತಿಗೆಗೆ ಕತ್ತರಿ ಹಾಕಿದಳು. ಎರಡು ಬೆರಳಷ್ಟು ಹೋಯಿತು. ಅಷ್ಟರಲ್ಲಿ ಬಟ್ಟೆ ಕೈಗೆ ಬೇರೆಯಾಗಿ ಸಿಕ್ಕಿತು. ನಾಲ್ಕು ಬೆರಳಿನಗಲ ಜಾಗದಲ್ಲಿ ನೇಯ್ಗೆ ಸಡಿಲ. ಅದರ ಮೇಲೂ ಕೆಳಗೂ ಹಲಗೆಯ ಹಾಗೆ ಬಿಗಿ. ಸೊಂಟಕ್ಕೆ ಕಟ್ಟಿದ ಮಗ್ಗದಲ್ಲಿ ಬಟ್ಟೆಯನ್ನು ಬಿಗಿಯುವುದು ನೇಯುವವಳ ಮೈಭಾರ. ಮೈಭಾರ ನಡುವೆ ಬದಲಾಗುವುದಿಲ್ಲ. ಬದಲಾಗಿದೆ ಎಂದರೆ ನಡುವೆ ಬೇರೆ ಯಾರೋ ಕೂತು ನೇಯ್ದಿದ್ದಾರೆ. ತೂಕವಿಲ್ಲದ ಯಾರೋ.

ಹಸಿಂತಾ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹಕ್ಕಿಗಳ ಸಾಲು. ಜೋಡಿ ಜೋಡಿಯಾಗಿ ಮುಖಕ್ಕೆ ಮುಖ ಕೊಟ್ಟ ಹಕ್ಕಿಗಳು. ಸಡಿಲ ಜಾಗದಲ್ಲಿ ಒಂದು ಹಕ್ಕಿ ಮಾತ್ರ ಜೋಡಿಗೆ ಬೆನ್ನು ತಿರುಗಿಸಿತ್ತು.

ಅವಳು ಕತ್ತರಿಯನ್ನು ಕೆಳಗಿಟ್ಟಳು.

ಆ ಹಕ್ಕಿಯನ್ನು ನೇಯ್ದವಳು ಅವಳೇ. ಆಗ ಎಂಟು ವರ್ಷ. ಅವ್ವ ಪೆತ್ರೋನಾ ಸೌದೆಗೆ ಹೋದ ಹೊತ್ತಿನಲ್ಲಿ ಕಳ್ಳತನದಿಂದ ಅವಳ ಮಗ್ಗದ ಪಟ್ಟಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಪಟ್ಟಿ ದೊಡ್ಡದು, ಸೊಂಟ ಸಣ್ಣದು. ಹಿಂದಕ್ಕೆ ಎಷ್ಟು ಜಗ್ಗಿದರೂ ನೂಲು ಬಿಗಿಯಲಿಲ್ಲ. ಅವ್ವ ಬಂದು ನೋಡಿದಳು. ಏಟು ಬೀಳುತ್ತದೆ ಎಂದು ಹಸಿಂತಾ ತಲೆ ತಗ್ಗಿಸಿ ಕೂತಿದ್ದಳು. ಅವ್ವ ನಗು ತಡೆಯಲಾರದೆ ಸೌದೆಯ ಹೊರೆಯನ್ನು ಹಾಗೇ ನೆಲಕ್ಕೆ ಬಿಟ್ಟಿದ್ದಳು. "ಜಗಳ ಆಡ್ಕೊಂಡವೆ ಕಣೇ ನಿನ್ನ ಹಕ್ಕಿಗಳು. ಇರ್ಲಿ ಬಿಡು, ಗಂಡ ಹೆಂಡ್ತಿ ಅಂದ್ಮೇಲೆ ಆಡ್ತವೆ." ಬಿಚ್ಚಲಿಲ್ಲ. ಹಾಗೇ ಮುಂದಕ್ಕೆ ನೇಯ್ದಳು, ತೊಟ್ಟಳು, ಓಣಿಯವರಿಗೆಲ್ಲ ತೋರಿಸಿಕೊಂಡು ಬಂದಳು.

ಅದನ್ನು ತೊಟ್ಟಿದ್ದಾಗಲೇ ಕರೆದೊಯ್ದರು. ಬಂಡುಕೋರರನ್ನು ಹುಡುಕುತ್ತ ಸಿಪಾಯಿಗಳು ಬೆಟ್ಟಕ್ಕೆ ಬೆಂಕಿ ಇಟ್ಟ ವರ್ಷ. ಊರ ಕಾವಲು ಪಡೆ ಬಾಗಿಲಿಗೆ ಬಂದಿತ್ತು. ಸಿಪಾಯಿಗಳ ಪಾಳಯದಲ್ಲಿ ಎರಡು ಮಾತು ಕೇಳಬೇಕಂತೆ, ಕೇಳಿ ಕಳಿಸುತ್ತಾರಂತೆ. ಹಾಗೆಂದವನು ಪಡೆಯ ಮುಖ್ಯಸ್ಥ. ಅವನ ಹೆಸರು ಎವರಿಸ್ತೊ. ಆ ಎರಡು ಮಾತು ಮೂವತ್ತೊಂದು ವರ್ಷವಾದರೂ ಮುಗಿದಿರಲಿಲ್ಲ.

ಹಸಿಂತಾ ವಿಪೀಲನ್ನು ಮಗುಚಿದಳು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಬಿಸಿಲು ಕಂಡ ಬಟ್ಟೆ ಅಲ್ಲ ಅದು. ಎಡ ಮೊಲೆಯ ಕೆಳಗೆ ಹೆಬ್ಬೆರಳು ತೂರುವಷ್ಟು ತೂತಿತ್ತು. ಸುತ್ತ ಕಂದು ಬಳೆ, ತಿಕ್ಕಿ ತಿಕ್ಕಿ ತೊಳೆದರೂ ಹೋಗದೆ ಉಳಿದದ್ದು.

"ಏನೇ, ದೆವ್ವ ನೋಡ್ದಂಗೆ ನಿಂತೆ?" ಎಂದಳು ಫೆಲಿಪಾ.

"ಅವ್ವಂದು."

"ಏನು?"

"ನಮ್ಮವ್ವಂದು ಕಣಕ್ಕಾ ಇದು. ಕುತ್ತಿಗೆ ಕತ್ತರಿಸಿಬಿಟ್ಟೆ."

ಮೆಷಿನ್ನುಗಳು ಒಂದೊಂದಾಗಿ ನಿಂತವು. ಐದೂ ಜನ ಸುತ್ತ ಬಂದು ನಿಂತರು. ಹಸಿಂತಾ ಹಕ್ಕಿಯನ್ನು ತೋರಿಸಿದಳು, ತೂತನ್ನು ತೋರಿಸಿದಳು. ಯಾರೂ ಮುಟ್ಟಲಿಲ್ಲ.

ಮೊದಲು ಬಾಯಿ ಬಿಟ್ಟವಳು ಎಲ್ಲರಿಗಿಂತ ಚಿಕ್ಕವಳಾದ ಮಾರ್ತಾ. ಅವಳ ಮಗಳಿಗೆ ಉಸಿರಿನ ಕಾಯಿಲೆ. ಈ ಸಲದ ಚೀಲಗಳು ಹೋದರೆ ಹೊಸ ಸಾಲ, ಹೊಸ ಸಾಲ ಬಂದರೆ ಪಟ್ಟಣದ ಆಸ್ಪತ್ರೆ.

"ಅಕ್ಕಾ, ಮನೆಗೆ ತಗೊಂಡೋಗು. ಒಂದು ಕಮ್ಮಿ ಆದ್ರೆ ನಾವೆಲ್ಲ ಸೇರಿ ಹೊಂದಿಸಣ. ಮೇಡಂಗೆ ಮಾತ್ರ ಹೇಳೋದು ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಗಲಾಟೆ ಬೇಡ."

ಹಸಿಂತಾ ವಿಪೀಲನ್ನು ಮಡಚಿ ಎದೆಗೆ ಅವಚಿಕೊಂಡು ನೆಟ್ಟಗೆ ಎವರಿಸ್ತೊನ ಅಂಗಡಿಗೆ ನಡೆದಳು.

ಎವರಿಸ್ತೊನಿಗೆ ಎಂಬತ್ತು ಹತ್ತಿರ. ಕನ್ನಡಕ ಹಾಕಿಕೊಂಡು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದ. ಈಗವನು ಇಗರ್ಜಿಯ ಹಿರಿಯ, ಮದುವೆಗಳಲ್ಲಿ ಮೊದಲ ತಟ್ಟೆ ಅವನಿಗೇ. ಅವನ ಎದುರು ನಿಂತಾಗಲೆಲ್ಲ ಹಸಿಂತಾಳಿಗೆ ತಾನು ಇನ್ನೂ ಎಂಟು ವರ್ಷದವಳು ಎನಿಸುತ್ತಿತ್ತು, ಅದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು. ಆದರೂ ವಿಪೀಲನ್ನು ಬಿಚ್ಚಿ ಕಾಳಿನ ಮೇಲೆ ಹಾಕಿದಳು.

"ಇದು ಎಲ್ಲಿ ಸಿಕ್ತು, ಎವರಿಸ್ತೊ ಯಜಮಾನ್ರೇ?"

"ಎಲ್ಲೋ ಸಿಕ್ತು ಮಗಳೇ. ಸಾವಿರ ಬಟ್ಟೆ ಬರ್ತವೆ. ಯಾವ್ದು ಯಾರ್ದು ಅಂತ ಬರ್ಕೊಂಡು ಕೂರಕ್ಕಾಯ್ತದಾ?"

"ನಮ್ಮವ್ವಂದು. ನೀವು ಕರ್ಕೊಂಡೋದಾಗ ತೊಟ್ಟಿದ್ದು."

"ನಿಮ್ಮವ್ವ ಬೆಟ್ಟ ಹತ್ತಿ ಬಂಡುಕೋರರ ಹಿಂದೆ ಹೋದ್ಲು. ಎಲ್ರಿಗೂ ಗೊತ್ತು."

"ಕುಪ್ಪಸ ಬಿಚ್ಚಿಟ್ಟು ಹೋದ್ಲಾ?"

ಮುದುಕ ಕನ್ನಡಕ ತೆಗೆದ. ಬಟ್ಟೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದ. "ನೋಡು, ಸುಮ್ನೆ ಇಲ್ಲದ್ದು ಹುಟ್ಟಿಸಬೇಡ. ರಕ್ತ ಗಿಕ್ತ ಏನಾದ್ರೂ ಐತಾ ಅದ್ರಲ್ಲಿ? ನಮ್ಮ ಮನೆಯವಳು ಎರಡು ದಿನ ಬೂದಿನೀರಲ್ಲಿ ನೆನೆಹಾಕಿ ಒಗೆದು..."

ಅಲ್ಲಿಗೆ ನಿಲ್ಲಿಸಿದ. ಮತ್ತೆ ಕಾಳು ಆರಿಸತೊಡಗಿದ. ಆರಿಸಿದ ಕಲ್ಲನ್ನು ಮತ್ತೆ ಕಾಳಿಗೇ ಹಾಕುತ್ತಿದ್ದ.

ಹಸಿಂತಾ ಕಾಳಿನ ಮೇಲೆ ಕೈ ಅಡ್ಡ ಇಟ್ಟಳು. "ಅವಳನ್ನ ಎಲ್ಲಿ ಹಾಕಿದ್ರಿ?"

"ಆ ಬಟ್ಟೆ ಈಗ ನಂದೂ ಅಲ್ಲ ನಿಂದೂ ಅಲ್ಲ. ಸಂಸ್ಥೆದು. ನೀನು ಹೆಬ್ಬೆಟ್ಟು ಒತ್ತಿ ಇಸ್ಕೊಂಡಿದ್ದೀಯ. ಕಂತು ಕಟ್ಟೋದು ನೋಡ್ಕೋ ಹೋಗು."

ಅದು ನಿಜವಾಗಿತ್ತು. ಇಡೀ ಊರಿನಲ್ಲಿ ಅದಕ್ಕಿಂತ ನಿಜವಾದ ಮಾತು ಆ ದಿನ ಯಾರೂ ಆಡಿರಲಿಲ್ಲ. ಅವ್ವನನ್ನು ಕೊಂದವನು ಅವ್ವನ ಮೈಮೇಲಿನ ಬಟ್ಟೆಯನ್ನು ಮೂವತ್ತೊಂದು ವರ್ಷ ಪೆಟ್ಟಿಗೆಯಲ್ಲಿ ಕಾಪಾಡಿದ. ಬೆಲೆ ಬಂದಾಗ ಮಾರಿದ. ಕೊಂಡವಳು ಮಗಳು. ಅದೂ ಸಾಲ ಮಾಡಿ.

ಮನೆಗೆ ಬಂದವಳು ಎರಡು ದಿನ ಶೆಡ್ಡಿಗೆ ಹೋಗಲಿಲ್ಲ. ಅಂಗಳದಲ್ಲಿ ಕೂತಿದ್ದಾಗ, ನಡುಹಗಲಿನಲ್ಲಿ, ಹಿಂದೆ ಮಗ್ಗದ ಹಲಗೆ ಬಡಿಯುವ ಸದ್ದು ಕೇಳುತ್ತಿತ್ತು. ಟಪ್. ಟಪ್. ತಿರುಗಿದರೆ ಬರಿಯ ಕಂಬ. ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಯಾರೋ ಕೂತು ಕೆಂಡ ಸರಿಮಾಡಿದ ಹಾಗಾಗುತ್ತಿತ್ತು. ಅವಳಿಗೆ ಹೆದರಿಕೆ ಆಗಲಿಲ್ಲ. ನಾಚಿಕೆಯಾಯಿತು. ಅವ್ವ ಬರಿಮೈಯಲ್ಲಿ ಬಂದಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದಿಂದ ಯಾವುದೋ ಮಣ್ಣಿನಲ್ಲಿ ಬರಿಮೈಯಲ್ಲೇ ಮಲಗಿದ್ದಾಳೆ, ಬಟ್ಟೆ ಕೇಳಲು ಬಂದಿದ್ದಾಳೆ, ಮಗಳು ಅದರ ಕುತ್ತಿಗೆ ಕತ್ತರಿಸಿ ಇಟ್ಟಿದ್ದಾಳೆ. ಸೂಜಿ ತೆಗೆದು ಕತ್ತರಿಸಿದ ಜಾಗವನ್ನು ಹೊಲಿಯಲು ಕೂತಳು. ನೂಲು ಹೊಂದಲಿಲ್ಲ. ಅಂಥ ಕೆಂಪು ಈಗ ಸಿಗುವುದಿಲ್ಲ.

"ಒಬ್ಳೇ ಬಂದಿದ್ದೀಯೇನವ್ವಾ?" ಎಂದು ಬಾಯಿಬಿಟ್ಟು ಕೇಳಿದಳು.

ಕೇಳಿದ ಮೇಲೆ ಸೂಜಿಯನ್ನು ಕೆಳಗಿಟ್ಟಳು. ನುಸಿಗುಳಿಗೆ ವಾಸನೆಯ ಬಟ್ಟೆ ಇದೊಂದೇ ಅಲ್ಲವಲ್ಲ. ಹೋದ ಮೂಟೆಯ ಐದಾರು ನೆನಪಾದವು. ಅವು ಯಾರವು? ವಾಸನೆ ಬಂದಾಗ ಒಂದು ಸಲ ಸೀನಿ ಕೆಲಸ ಮುಂದುವರಿಸಿದವಳು ಅವಳೇ.

ಗುರುವಾರ ಸಂತೆ. ಇವೊನ್ನೆ ಬರುವ ದಿನವೂ ಅದೇ. ಹಸಿಂತಾ ಶೆಡ್ಡಿಗೆ ಹೋದಾಗ ಇವೊನ್ನೆ ಫೋಟೊ ತೆಗೆಯುವವನೊಬ್ಬನನ್ನು ಕಟ್ಟಿಕೊಂಡು ಬಂದು ಕೂತಿದ್ದಳು. ವಿಷಯ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಎವರಿಸ್ತೊ ಫೋನು ಮಾಡಿದ್ದ.

"ಬಾ ನನ್ನ ರಾಣಿ, ಕೂತ್ಕೋ," ಎಂದು ಅವಳ ಕೈ ಹಿಡಿದಳು ಇವೊನ್ನೆ. ಅವಳ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. "ಕೇಳಿ ತುಂಬಾ ಸಂಕಟ ಆಯ್ತು. ಆ ವಿಪೀಲ್ ತಂದಿದ್ದೀಯಾ?"

"ಮನೇಲೈತೆ."

"ಅದನ್ನ ತಾ. ನಾನು ಹೆಡ್ ಆಫೀಸಲ್ಲಿ ಮಾತಾಡಿದ್ದೀನಿ. ಇದು ಮಾಮೂಲಿ ಚೀಲ ಆಗಬಾರದು. ವಿಶೇಷ ಚೀಲ ಮಾಡೋಣ. ನಿಮ್ಮಮ್ಮನ ಕಥೆನ ಒಂದು ಚೀಟಿಲಿ ಬರೆದು ಹಿಡಿಗೆ ಕಟ್ಟೋಣ, ನಿನ್ನ ಫೋಟೊ ಸಮೇತ. ನಾಲ್ಕು ಪಟ್ಟು ಬೆಲೆ ಬರುತ್ತೆ. ನಿನ್ನ ಈ ವರ್ಷದ ಕಂತೆಲ್ಲ ಒಂದೇ ಏಟಿಗೆ ತೀರಿ ಹೋಗುತ್ತೆ. ಅವರ ಆತ್ಮಕ್ಕೂ ಶಾಂತಿ ಅಲ್ವಾ?"

ಹಸಿಂತಾ ಕೈ ಬಿಡಿಸಿಕೊಂಡಳು. "ಆ ತೂತು ಏನ್ ಮಾಡ್ತೀರಿ?"

"ಯಾವ ತೂತು?"

"ಗುಂಡು ಬಿದ್ದ ತೂತು. ಅದನ್ನ ಇಟ್ಕೊಳ್ತೀರಾ, ವೇಸ್ಟಾ?"

ಇವೊನ್ನೆ ನಿಜವಾಗಿಯೂ ಯೋಚಿಸಿದಳು. ಅದನ್ನು ಹಸಿಂತಾ ಕಣ್ಣಾರೆ ಕಂಡಳು. "ಇಡಬಹುದು," ಎಂದಳು ಇವೊನ್ನೆ. "ಒಳಗಡೆ ಅಸ್ತರ್ ಕೊಟ್ಟರೆ ಇಡಬಹುದು."

ಫೆಲಿಪಾ ಕೈಯಲ್ಲಿದ್ದ ಕತ್ತರಿಯನ್ನು ಹಲಗೆಯ ಮೇಲೆ ಹಾಕಿದಳು.

"ಕೊಡಲ್ಲ," ಎಂದಳು ಹಸಿಂತಾ.

"ನೋಡು ರಾಣಿ, ಭಾವನೆ ಬೇರೆ, ವ್ಯವಹಾರ ಬೇರೆ. ನೀನೊಬ್ಬಳು ಹಟ ಹಿಡಿದರೆ ಆರೂ ಜನರ ಸಾಲ ನಿಲ್ಲುತ್ತೆ. ಮಾರ್ತಾ ಮಗುವಿನ ಗತಿ ಏನು? ಹೇಳು ಅವಳಿಗೆ."

ಹಸಿಂತಾ ಮಾರ್ತಾಳ ಕಡೆ ತಿರುಗಿದಳು. ಮಾರ್ತಾ ಅಳುತ್ತಿದ್ದಳು. ಹಸಿಂತಾಳಿಗೂ ಕಣ್ಣು ತುಂಬಿತು. ಮಗು ಸತ್ತರೆ ಆ ಪಾಪ ತನ್ನ ತಲೆಗೆ ಕಟ್ಟುತ್ತಾರೆ ಎಂದು ಗೊತ್ತಿತ್ತು. ಇವೊನ್ನೆಯ ತಲೆಗೆ ಯಾರೂ ಕಟ್ಟುವುದಿಲ್ಲ.

"ನನ್ನ ಕೈಲಿ ಆಗಲ್ಲ ಮಾರ್ತಾ," ಎಂದಳು. "ನಂದು ಮಾತ್ರ ಅಲ್ಲ. ಇನ್ನೊಂದನ್ನೂ ಕತ್ತರಿಸಕ್ಕೆ ಆಗಲ್ಲ. ಯಾರದು ಅಂತ ಗೊತ್ತಾಗೋ ತನಕ ಒಂದನ್ನೂ ಆಗಲ್ಲ."

ಹಾಗೆಂದವಳೇ ಬಾಗಿ ಮೂಟೆಯನ್ನು ನೆಲಕ್ಕೆ ಸುರಿದಳು. ಮಂಡಿಯೂರಿ ಕೂತು ಒಂದೊಂದೇ ಬಟ್ಟೆಯನ್ನು ಮೂಗಿಗೆ ಹಿಡಿದು ಮೂಸತೊಡಗಿದಳು. ಹೊಗೆಯ ವಾಸನೆಯದು ಈ ಕಡೆ. ನುಸಿಗುಳಿಗೆಯದು ಆ ಕಡೆ. ಫೋಟೊದವನು ಕ್ಯಾಮೆರಾ ಎತ್ತಿದ. ಫೆಲಿಪಾ ಎದ್ದು ಹೋಗಿ ಅದರ ಮೇಲೆ ಕೈ ಇಟ್ಟಳು.

"ಮಡಗು ಕೆಳಗೆ. ನಿಮ್ಮವ್ವಂದು ತೆಗಿ ಹೋಗು."

ಆಮೇಲೆ ಅವಳೂ ಬಂದು ಮಂಡಿಯೂರಿದಳು. ಕತ್ತರಿಸಿ ಜೋಡಿಸಿಟ್ಟ ತುಂಡುಗಳ ರಾಶಿಯನ್ನು ಎಳೆದುಕೊಂಡು ಮೂಸಿದಳು. ಇನ್ನೊಬ್ಬಳು ಬಂದಳು. ಮತ್ತೊಬ್ಬಳು. ಕೊನೆಗೆ ಮಾರ್ತಾ ಮೂಗೊರೆಸಿಕೊಂಡು ಬಂದು ಕೂತಳು. ಆರು ಹೆಂಗಸರು ನಾಯಿಗಳ ಹಾಗೆ ಬಟ್ಟೆ ಮೂಸುವುದನ್ನು ಇವೊನ್ನೆ ನಿಂತು ನೋಡಿದಳು. ಇಡಿಯಾದವು ಒಂಬತ್ತು ಸಿಕ್ಕವು. ತುಂಡುಗಳು ನಾಲ್ಕು.

ಅವನ್ನು ಹೊತ್ತುಕೊಂಡು ಚೌಕಕ್ಕೆ ನಡೆದರು. ಹಸಿಂತಾ ದಾರಿಯಲ್ಲಿ ಮನೆಗೆ ಹೊಕ್ಕು ಅವ್ವನದನ್ನೂ ತಂದಳು. ಇಗರ್ಜಿಯ ಮೆಟ್ಟಿಲುಗಳ ಮೇಲೆ ಒಂದರ ಪಕ್ಕ ಒಂದು ಹರವಿದರು, ಎದೆ ಮೇಲಾಗಿ, ತೋಳು ಅಗಲವಾಗಿ. ಯಾರೂ ಕೂಗಲಿಲ್ಲ, ಕರೆಯಲಿಲ್ಲ. ಸಂತೆ ತಾನಾಗಿಯೇ ಸದ್ದಡಗಿತು. ಮೆಣಸಿನಕಾಯಿ ಮಾರುವವಳು ತಕ್ಕಡಿ ಕೆಳಗಿಟ್ಟು ಬಂದಳು. ಕೋಳಿ ಹಿಡಿದವರು ಕೋಳಿ ಹಿಡಿದೇ ಬಂದರು. ಮೂರನೆಯ ಮೆಟ್ಟಿಲಿನಲ್ಲಿ ಒಬ್ಬ ಮುದುಕಿ "ಅಯ್ಯೋ ನನ್ನ ತಂಗೀ" ಎಂದು ಕೂತುಬಿಟ್ಟಳು. ಯಾರೋ ಕೇಳಿದರು, ಇವೆಲ್ಲ ಯಾರ ಮನೆಯಿಂದ ಬಂದವು. ಹಸಿಂತಾ ಹೇಳಿದಳು. ಇಡೀ ಸಂತೆ ಮೂಲೆಯ ಅಂಗಡಿಯ ಕಡೆ ತಿರುಗಿತು. ಅಲ್ಲಿ ಆಗಲೇ ಬಾಗಿಲು ಹಾಕಿತ್ತು, ಒಳಗಿನಿಂದ.

ಗಾಸ್ಪರ್ ತಾತ ಕೊನೆಗೆ ಬಂದ. ಬೆನ್ನು ಬಾಗಿದ ಮುದುಕ, ಹರೆಯವನ್ನೆಲ್ಲ ಕರಾವಳಿಗೆ ಇಳಿಯುವ ಬೆಟ್ಟದ ಕಾಫಿ ತೋಟಗಳಲ್ಲಿ ಕೂಲಿಗೆ ಕಳೆದವನು. ಒಂದೊಂದರ ಮುಂದೆಯೂ ನಿಂತು, ನೋಡಿ, ಮುಂದಕ್ಕೆ ಹೋದ. ತುಂಡುಗಳ ಹತ್ತಿರ ಬಂದು ನಿಂತ. ಬೆನ್ನಿನ ಭಾಗದ ಒಂದು ತುಂಡನ್ನು ಎತ್ತಿಕೊಂಡ. ಅದರಲ್ಲಿ ನೇರಳೆ ನೂಲಿತ್ತು.

"ಈ ನೂಲು ನಾನೇ ತಂದಿದ್ದು," ಎಂದ. "ತೋಟದಿಂದ ಬರುವಾಗ. ನನ್ನ ಮಗಳು ನೇರಳೆನೇ ಬೇಕು ಅಂದಿದ್ಲು." ಆಮೇಲೆ ಸುತ್ತ ನೋಡಿದ. "ಎದೆ ಭಾಗ ಎಲ್ಲಿ?"

ಆರೂ ಜನ ತಲೆ ತಗ್ಗಿಸಿದರು. ಅಂಚು ನೋಡಿದ ಕೂಡಲೆ ಹಸಿಂತಾಳಿಗೆ ಗೊತ್ತಾಗಿತ್ತು. ಆ ಕತ್ತರಿ ಅವಳದು.

"ನಾನು ಕತ್ತರಿಸ್ದೆ ತಾತ. ಎರಡು ವಾರ ಆಯ್ತು."

ಅವನು ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಒಳ್ಳೆಯದಿತ್ತು.

"ಕತ್ತರಿಸಿ?"

"ಚೀಲ ಮಾಡ್ದೆ."

"ಚೀಲ ಎಲ್ಲಿ?"

ಇವೊನ್ನೆ ಜನರ ನಡುವೆ ದಾರಿ ಮಾಡಿಕೊಂಡು ಬಂದಿದ್ದಳು. ಹಸಿಂತಾ ಅವಳ ಕಡೆ ತಿರುಗಿದಳು. "ತಾತ ಕೇಳ್ತಾವ್ರೆ. ಚೀಲ ಎಲ್ಲಿ?"

"ಅದು ಹೊರದೇಶಕ್ಕೆ ಹೋಯ್ತು. ಯಾರ ಹೆಗಲ ಮೇಲಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಮ್ಮ ಆರು ಜನರ ಮನೆ ಎಲ್ಲೈತೆ, ಬಾಗಿಲು ಯಾವ ಕಡೆಗೈತೆ, ಕೋಳಿ ಎಷ್ಟವೆ, ಎಲ್ಲ ಬರ್ಕೊಂಡಿದ್ದೀರಲ್ಲ. ಕಂತು ತಪ್ಪಿದ್ರೆ ಹುಡುಕ್ಕೊಂಡು ಬರಕ್ಕೆ. ಅವ್ರದ್ದೂ ಬರ್ಕೊಂಡಿರ್ತೀರಿ. ಹುಡುಕ್ಕೊಂಡು ಹೋಗಿ. ಆ ಚೀಲ ಬಿಚ್ಚಿ ಈ ತಾತನ ಕೈಗೆ ಕೊಡಿ. ಆಮೇಲೆ ಕಂತಿಗೆ ಬನ್ನಿ."

"ಹುಚ್ಚಾ ನಿನಗೆ? ಪೊಲೀಸ್ ಕರೀಬೇಕಾಗುತ್ತೆ."

"ಕರೀರಿ. ಬರ್ಲಿ. ನಾವೂ ಎರಡು ಮಾತು ಕೇಳೋದೈತೆ."

ಗಾಸ್ಪರ್ ತಾತ ಅವರ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ನೇರಳೆ ತುಂಡನ್ನು ಕಲ್ಲಿನ ಮೇಲೆ ಹರವಿ, ಅದರ ಮುಂದೆ ಎದೆಯ ಭಾಗಕ್ಕೆ ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟು, ಆಚೆಗೆ ಕೂತ. ಸಂತೆಯ ಮಂದಿ ನೂಕಾಡುತ್ತ ಹತ್ತಿರ ಬಂದಾಗಲೆಲ್ಲ ಕೈ ಅಡ್ಡ ಹಿಡಿದು ಹೇಳುತ್ತಿದ್ದ, "ತುಳೀಬೇಡ್ರಪ್ಪಾ, ಇಲ್ಲಿ ಮಗಳವಳೆ."